ಬಿರುಬಿಸಿಲಿನ ಅಂಗಳಕ್ಕೆ ಬೀಜದಿಂದ ಹೂ: ಕಡೂರು–ಅರಸೀಕೆರೆ ಸೀಮೆಯವರಿಗೆ ಸಮಗ್ರ ಮಾರ್ಗದರ್ಶಿ

ಮೂಡಿಗೆರೆಯ ಹೂವನ್ನು ಕಡೂರಿನ ಅಂಗಳಕ್ಕೆ ತಂದು ನೆಡುವುದು ನಮ್ಮ ಕಡೆ ವರ್ಷವರ್ಷವೂ ನಡೆಯುತ್ತದೆ. ಮದುವೆಗೋ ಗೃಹಪ್ರವೇಶಕ್ಕೋ ಘಟ್ಟದ ಕಡೆ ಹೋದವರು ತೋಟದ ಮನೆಯ ಮುಂದಿನ ಡೇಲಿಯಾ, ಹೈಡ್ರೇಂಜಿಯಾ, ಬಿಗೋನಿಯಾ ನೋಡಿ ಮನಸೋತು ಗೆಡ್ಡೆಯನ್ನೋ ಕಡ್ಡಿಯನ್ನೋ ಕಟ್ಟಿಸಿಕೊಂಡು ಬರುತ್ತಾರೆ. ಚಳಿಗಾಲದಲ್ಲಿ ಒಂದಿಷ್ಟು ಚಿಗುರುತ್ತದೆ. ಶಿವರಾತ್ರಿ ಕಳೆಯುವ ಹೊತ್ತಿಗೆ ಎಲೆ ಸೀದು ಗಿಡ ಕರಕಲಾಗುತ್ತದೆ. ಆಮೇಲೆ 'ನಮ್ಮ ಮಣ್ಣಿಗೆ ಹೂ ಬರಲ್ಲ' ಎಂದು ಬೇಸರಪಟ್ಟು ಕುಂಡಗಳನ್ನು ಮೂಲೆಗೆ ಸೇರಿಸುತ್ತಾರೆ. ಮಣ್ಣಿನ ಮೇಲೆ ಹೊರಿಸುವ ಈ ಆರೋಪ ಸರಿಯಲ್ಲ. ನಮ್ಮ ಬಿಸಿಲನ್ನೇ ಬಯಸುವ ಹೂಗಳು ಬೇರೆ ಇವೆ, ಅವು ಹತ್ತಿಪ್ಪತ್ತು ರೂಪಾಯಿಯ ಬೀಜದ ಪೊಟ್ಟಣದಿಂದಲೇ ಬರುತ್ತವೆ.

ನಮ್ಮದು ಮಳೆನೆರಳಿನ ಸೀಮೆ. ಅರಬ್ಬಿ ಸಮುದ್ರದಿಂದ ಬರುವ ಮುಂಗಾರಿನ ಮೋಡಗಳು ಘಟ್ಟದ ಮೇಲೂ ಬಾಬಾಬುಡನ್‌ಗಿರಿ ಸಾಲಿನ ಮೇಲೂ ನೀರು ಸುರಿಸಿ, ಹಗುರಾಗಿ ಪೂರ್ವಕ್ಕೆ ಬರುತ್ತವೆ. ಹಾಗಾಗಿ ಸಕಲೇಶಪುರದಲ್ಲಿ ವರ್ಷಕ್ಕೆ 2,000 ಮಿಲಿಮೀಟರ್ ದಾಟುವ ಮಳೆ ಕಡೂರು, ಬೀರೂರು, ಬಾಣಾವರ, ಅರಸೀಕೆರೆಗೆ ಬರುವಾಗ 600–700ರ ಆಸುಪಾಸಿಗೆ ಇಳಿದಿರುತ್ತದೆ. ಏಪ್ರಿಲ್‌ನಲ್ಲಿ ಬಿಸಿಲು 35 ಡಿಗ್ರಿ ದಾಟುತ್ತದೆ. ಚೆಂಡು ಹೂ, ಜಿನಿಯಾ, ಕಾಸ್ಮಾಸ್ ಮೂರರ ತವರೂ ಮೆಕ್ಸಿಕೋ, ನಿತ್ಯಪುಷ್ಪದ್ದು ಮಡಗಾಸ್ಕರ್, ಹತ್ತು ಗಂಟೆ ಹೂವಿನದು ದಕ್ಷಿಣ ಅಮೆರಿಕದ ಒಣ ಬಯಲು. ದಿನಕ್ಕೆ ಆರು ಗಂಟೆಗೂ ಹೆಚ್ಚು ನೇರ ಬಿಸಿಲು ಬಿದ್ದರೆ ಇವು ಸಂತೋಷವಾಗಿರುತ್ತವೆ, ನೆರಳಿನಲ್ಲಿಟ್ಟರೆ ಸೊರಗುತ್ತವೆ. ಹೂ ಬೆಳೆಯುವ ವಿಷಯದಲ್ಲಿ ನಮ್ಮ ಬಿಸಿಲು ಆಸ್ತಿ ಎಂದೇ ನಾನು ನಂಬಿದ್ದೇನೆ. ಗಿಡ ಬೇರೂರುವವರೆಗಿನ ಮೊದಲ ಮೂರು ವಾರ ಮಾತ್ರ ಅದೇ ಬಿಸಿಲಿನಿಂದ ಕಾಪಾಡಬೇಕು. ಈ ಲೇಖನದ ಹೆಚ್ಚಿನ ಭಾಗ ಆ ಮೂರು ವಾರಗಳ ಬಗ್ಗೆಯೇ.

ಯಾವ ಹೂ ಆರಿಸಬೇಕು

ಮೊದಲ ಸಲ ಬಿತ್ತುವವರು ಜಿನಿಯಾದಿಂದ ಶುರು ಮಾಡಿ. ಬೀಜ ದೊಡ್ಡದು, ಒಂದು ಗ್ರಾಮಿಗೆ ಸುಮಾರು 100 ಬರುತ್ತವೆ, ಬೆರಳಲ್ಲಿ ಹಿಡಿದು ಒಂದೊಂದಾಗಿ ಊರಬಹುದು. ಮೂರರಿಂದ ಏಳು ದಿನದಲ್ಲಿ ಮೊಳೆಯುತ್ತದೆ, ಎರಡು ತಿಂಗಳಿಗೆ ಹೂ. ಕೊಯ್ದಷ್ಟೂ ಕವಲೊಡೆಯುತ್ತದೆ. ನೀಲಿ ಬಿಟ್ಟು ಹೆಚ್ಚುಕಡಿಮೆ ಎಲ್ಲ ಬಣ್ಣಗಳೂ ಇವೆ.

ಚೆಂಡು ಹೂವಿನ ಬಗ್ಗೆ ನಮ್ಮವರಿಗೆ ಹೇಳಿಕೊಡಬೇಕಾದದ್ದು ಕಡಿಮೆ. ಆದರೂ ತಳಿಯ ಬಗ್ಗೆ ಒಂದು ಮಾತು. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಪೂಸಾ ನಾರಂಗಿ ಮತ್ತು ಪೂಸಾ ಬಸಂತಿ ತಳಿಗಳ ಬೀಜವನ್ನು ಮನೆಯಲ್ಲೇ ಉಳಿಸಿಕೊಂಡು ಮುಂದುವರಿಸಬಹುದು. ಅಂಗಡಿಯಲ್ಲಿ ಎಫ್-1 (ಎರಡು ತಳಿ ಬೆರೆಸಿ ಮಾಡಿದ ಸಂಕರಣ ಬೀಜ) ಎಂದು ಬರೆದಿರುವ ಪೊಟ್ಟಣದ ಗಿಡ ದಪ್ಪ ಹೂ ಕೊಡುತ್ತದೆ, ಆದರೆ ಅದರ ಬೀಜ ಮತ್ತೆ ಹಾಕಿದರೆ ತಾಯಿಯಂತೆ ಬರುವುದಿಲ್ಲ. ತರಕಾರಿ ಬೆಳೆಯುವವರಿಗೆ ಚೆಂಡು ಹೂ ಇನ್ನೊಂದು ಉಪಕಾರ ಮಾಡುತ್ತದೆ: ಬೇರುಗಂಟು ಜಂತುಹುಳುವಿನ ಕಾಟ ತಗ್ಗಿಸುತ್ತದೆ, ಟೊಮೆಟೊ ಕಾಯಿಕೊರಕದ ಪತಂಗವನ್ನು ತನ್ನತ್ತ ಸೆಳೆಯುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಹೇಳುವ ಲೆಕ್ಕ ಹೀಗಿದೆ: ಟೊಮೆಟೊ 16 ಸಾಲಿಗೆ ಚೆಂಡು ಹೂ 1 ಸಾಲು, ಚೆಂಡು ಸಸಿಗೆ 45 ದಿನ, ಟೊಮೆಟೊ ಸಸಿಗೆ 25 ದಿನ ಆಗಿರುವಾಗ ಎರಡನ್ನೂ ಒಟ್ಟಿಗೆ ನಾಟಿ ಮಾಡುವುದು. ಎರಡೂ ಒಂದೇ ಸಮಯಕ್ಕೆ ಹೂ ಬಿಡಲಿ ಎಂಬುದು ಇದರ ಮರ್ಮ.

ಹಳದಿ-ಕಿತ್ತಳೆ ಕಾಸ್ಮಾಸ್ ಬೇಲಿಯಂಚಿಗೆ, ಬರಡು ಜಾಗಕ್ಕೆ. ಇದಕ್ಕೆ ಗೊಬ್ಬರ ಹಾಕದಿರುವುದೇ ಆರೈಕೆ. ಗೊಬ್ಬರ ಜಾಸ್ತಿಯಾದರೆ ಆಳೆತ್ತರ ಸೊಪ್ಪು ಬೆಳೆದು ಗಾಳಿಗೆ ಮಲಗುತ್ತದೆ, ಹೂ ಬರುವುದೂ ತಡ. ಬಟನ್ ಹೂ, ಅಂದರೆ ಗೊಂಫ್ರೀನಾ, ನನ್ನ ಮೆಚ್ಚಿನದು. ಮೊಳೆಯಲು ಸತಾಯಿಸುತ್ತದೆ, ಹತ್ತು ಹದಿನೈದು ದಿನ ಬೇಕು. ಒಮ್ಮೆ ನೆಲ ಹಿಡಿದರೆ ಮಾತ್ರ ಬೇಸಿಗೆಯಲ್ಲೂ ಜಗ್ಗುವುದಿಲ್ಲ. ಕೊಯ್ದು ಒಣಗಿಸಿದರೂ ಬಣ್ಣ ಮಾಸದಿರುವುದರಿಂದ ಹಬ್ಬದ ಹಾರಕ್ಕೆ ಮೊದಲೇ ಕೂಡಿಟ್ಟುಕೊಳ್ಳಬಹುದು. ಕೋಳಿಜುಟ್ಟಿನ ಹೂವಿನದೂ ಇಂಥದೇ ಬಾಳಿಕೆ.

ನಿತ್ಯಪುಷ್ಪಕ್ಕೆ ಕೆಲವರು ಕಾಶಿ ಕಣಗಿಲೆ ಎನ್ನುತ್ತಾರೆ. ಕಹಿ ಇರುವುದರಿಂದ ದನ, ಮೇಕೆ ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ. ಬೇಲಿಯಿಲ್ಲದ ಮನೆಗೆ ಇದಕ್ಕಿಂತ ಒಳ್ಳೆಯ ಹೂ ಸಿಗಲಿಕ್ಕಿಲ್ಲ. ಕ್ಯಾನ್ಸರ್ ಚಿಕಿತ್ಸೆಯ ವಿನ್‌ಕ್ರಿಸ್ಟಿನ್, ವಿನ್‌ಬ್ಲಾಸ್ಟಿನ್ ಔಷಧಿಗಳು ಬಂದದ್ದು ಈ ಗಿಡದಿಂದಲೇ. ಆದರೆ ಎಲೆ ವಿಷ, ಮನೆಮದ್ದು ಎಂದು ಅರೆದು ಕುಡಿಯಬೇಡಿ. ಹತ್ತು ಗಂಟೆ ಹೂ ಅಥವಾ ಟೇಬಲ್ ರೋಸ್ ತಾರಸಿ ಮನೆಯವರಿಗೆ. ಕಾಂಕ್ರೀಟಿನ ಕಾವನ್ನೂ ತಡೆಯುತ್ತದೆ. ಇನ್ನು ಸಂಜೆ ಮಲ್ಲಿಗೆ, ಗೈಲಾರ್ಡಿಯಾ, ಶಂಖಪುಷ್ಪ, ಸೂರ್ಯಕಾಂತಿ ಇವೂ ಸುಲಭದ ಪೈಕಿಯೇ.

ಆಸ್ಟರ್ ಬಗ್ಗೆ ಕೇಳುವವರು ಬಹಳ. ಹೆಸರಘಟ್ಟದ ಕಾಮಿನಿ, ಪೂರ್ಣಿಮಾ, ಶಶಾಂಕ್ ತಳಿಗಳು ಚೆನ್ನಾಗಿವೆ, ಆದರೆ ನೀರಿನ ಏರುಪೇರು ಇದಕ್ಕೆ ಆಗದು, ಬೀಜವೂ ಒಂದು ವರ್ಷದೊಳಗೆ ಸತ್ವ ಕಳೆದುಕೊಳ್ಳುತ್ತದೆ. ಸುಲಭದ ಪಟ್ಟಿಯಿಂದ ನಾನು ಅದನ್ನು ಹೊರಗಿಡುತ್ತೇನೆ. ಕರ್ಣಕುಂಡಲಕ್ಕೆ ಮಳೆಗಾಲ ಮಾತ್ರ. ಬೇಸಿಗೆಯ ಮಧ್ಯಾಹ್ನಕ್ಕೆ ಅದು ಬಾಡಿ ನೇತುಬೀಳುತ್ತದೆ.

ಯಾವಾಗ ಬಿತ್ತಬೇಕು

'ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ' ಎನ್ನುವ ಮಾತು ಹೂವಿಗೂ ಸಲ್ಲುತ್ತದೆ. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರಗಳಲ್ಲಿ ಬೀಳುವ ಭರಣಿ, ಅದರ ಹಿಂದೆ ಬರುವ ಕೃತ್ತಿಕಾ ಮಳೆಗೆ ನೆಲ ಹದವಾಗುತ್ತದೆ. ಆಗ ಜಿನಿಯಾ, ಕಾಸ್ಮಾಸ್, ಬಟನ್ ಹೂ, ಸಂಜೆ ಮಲ್ಲಿಗೆ ನೇರ ನೆಲಕ್ಕೆ ಹಾಕಬಹುದು. ಆಷಾಢದ ಗಾಳಿ ಬೀಸುವಷ್ಟರಲ್ಲಿ ಗಿಡಕ್ಕೆ ಬೇರು ಬಂದಿರುತ್ತದೆ.

ಹಬ್ಬಕ್ಕೆ ಹೂ ಬೇಕಾದವರು ದಿನವನ್ನು ಹಿಂದಕ್ಕೆ ಎಣಿಸಬೇಕು. ಚೆಂಡು ಹೂವಿಗೆ ಬಿತ್ತನೆಯಿಂದ ಮೊದಲ ಹೂವಿಗೆ 60–70 ದಿನ; ಕುಡಿ ಚಿವುಟಿದರೆ ಇನ್ನೊಂದು ವಾರ ಹತ್ತು ದಿನ ಹೆಚ್ಚು. ಆಯುಧ ಪೂಜೆ ಅಕ್ಟೋಬರ್ ನಡುವೆ ಬರುವ ವರ್ಷ ಜುಲೈ ಕೊನೆಯ ವಾರ, ಅಂದರೆ ಪುಷ್ಯ ಮಳೆಯಲ್ಲಿ ಬೀಜ ಒಟ್ಟುಪಾತಿಗೆ, ಅಂದರೆ ಸಸಿ ಎಬ್ಬಿಸುವ ಪಾತಿಗೆ, ಬಿದ್ದಿರಬೇಕು. ದೀಪಾವಳಿಗೆ ಅದರ ಹಿಂದೆಯೇ ಇನ್ನೊಂದು ಪಾತಿ. ಆರಿದ್ರಾ ಮಳೆಯಲ್ಲಿ ಹಾಕಿದ ಕರ್ಣಕುಂಡಲ ಸಾಮಾನ್ಯವಾಗಿ ಗೌರಿ ಹಬ್ಬದ ಹೊತ್ತಿಗೆ ಬಣ್ಣ ತೋರಿಸುತ್ತದೆ.

ಚಿತ್ತೆ, ಸ್ವಾತಿ ಮಳೆ ನಿಂತ ಮೇಲಿನ ಅಕ್ಟೋಬರ್–ನವೆಂಬರ್ ಬಿತ್ತನೆ ಎಲ್ಲಕ್ಕಿಂತ ನಿರಾಳ. ಮಣ್ಣಿನಲ್ಲಿ ಪಸೆ, ಬಿಸಿಲಿಗೆ ಉರಿಯಿಲ್ಲ, ಸಂಕ್ರಾಂತಿಗೆ ಅಂಗಳ ತುಂಬ ಹೂ. ಬೇಸಿಗೆಯಲ್ಲೂ ಬಣ್ಣ ಬೇಕೆನ್ನುವವರು ಜನವರಿ–ಫೆಬ್ರವರಿಯಲ್ಲಿ ನಿತ್ಯಪುಷ್ಪ, ಹತ್ತು ಗಂಟೆ ಹೂ, ಬಟನ್ ಹೂ ಬಿತ್ತಿ, ಮಾರ್ಚ್ ಕಾಲಿಡುವ ಮೊದಲೇ ಗಿಡಗಳನ್ನು ಗಟ್ಟಿ ಮಾಡಿಕೊಳ್ಳಬೇಕು. ಮಾರ್ಚ್ ನಡುವಿನಿಂದ ಮೊದಲ ಮಳೆಯವರೆಗೆ ತೆರೆದ ನೆಲಕ್ಕೆ ಬೀಜ ಹಾಕುವುದು ದಂಡ. ಬಿಸಿಲಿಗೆ ಕಾದ ಮೇಲ್ಮಣ್ಣಿನಲ್ಲಿ ಬೀಜ ಮೊಳೆಯುವುದೇ ಇಲ್ಲ, ಮೊಳೆತದ್ದೂ ಒಂದೇ ಮಧ್ಯಾಹ್ನಕ್ಕೆ ಸುಟ್ಟುಹೋಗುತ್ತದೆ.

ಮಣ್ಣು

ಅರಸೀಕೆರೆ, ಚನ್ನರಾಯಪಟ್ಟಣದ ಕೆಂಪು ಮಣ್ಣು ಬೇಗ ನೀರು ಬಸಿಯುತ್ತದೆ, ಅಷ್ಟೇ ಬೇಗ ಮೇಲೆ ಹೆಪ್ಪುಗಟ್ಟುತ್ತದೆ. ಒಂದು ಗೇಣು ಆಳ ಅಗೆದು, ಚದರ ಮೀಟರಿಗೆ ಎರಡು ಮೂರು ಕಿಲೋ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿದರೆ ಸಾಕು. ಹಸಿ ಗೊಬ್ಬರ ಬೇಡ, ಗೆದ್ದಲು ಮತ್ತು ಗೊಬ್ಬರದ ಹುಳು ಜೊತೆಗೇ ಬರುತ್ತವೆ. ಅಜ್ಜಂಪುರದ ಕಡೆಯ ಕಪ್ಪು ಎರೆಮಣ್ಣಿನವರು ಪಾತಿಯನ್ನು ಅರ್ಧ ಅಡಿ ಏರಿಸಿ ಏರುಮಡಿ ಮಾಡಬೇಕು. ನೀರು ನಿಂತರೆ ನಿತ್ಯಪುಷ್ಪದ ಬುಡ ವಾರದೊಳಗೆ ಕೊಳೆಯುತ್ತದೆ.

ಕುಂಡಕ್ಕೆ ಕೆಂಪು ಮಣ್ಣು, ಕಳಿತ ಗೊಬ್ಬರ, ತೆಂಗಿನ ನಾರಿನ ಪುಡಿ ಸಮಸಮ. ನಾರಿನ ಪುಡಿಗೆ ನಮ್ಮ ತೆಂಗಿನ ಸೀಮೆಯಲ್ಲಿ ಬರವಿಲ್ಲ, ಆದರೆ ಹೊಸ ಪುಡಿಯಲ್ಲಿ ಉಪ್ಪಿನಂಶವೂ ಒಗರೂ ಇರುತ್ತವೆ. ಗೋಣಿಚೀಲದಲ್ಲಿ ತುಂಬಿ ಎರಡು ಮೂರು ಸಲ ಒಳ್ಳೆಯ ನೀರು ಹಾಯಿಸಿ, ಕಂದು ಬಣ್ಣ ತಿಳಿಯಾಗುವವರೆಗೆ ತೊಳೆದೇ ಬಳಸಿ. ಈ ಕೆಲಸ ಬಿಟ್ಟವರ ಸಸಿಗಳು ಎಲೆಯಂಚು ಸುಟ್ಟುಕೊಂಡು ಕುಳ್ಳಾಗಿ ನಿಲ್ಲುವುದನ್ನು ಬಹಳ ಕಡೆ ನೋಡಿದ್ದೇನೆ. ಹತ್ತು ಗಂಟೆ ಹೂವಿಗೆ ಗೊಬ್ಬರ ಅರ್ಧ ಮಾಡಿ, ಆ ಜಾಗಕ್ಕೆ ಮರಳು ಹಾಕಿ.

ಬಿತ್ತನೆ ಮತ್ತು ಮೊದಲ ಮೂರು ವಾರ

ಜಿನಿಯಾ, ಕಾಸ್ಮಾಸ್, ಸೂರ್ಯಕಾಂತಿ, ಸಂಜೆ ಮಲ್ಲಿಗೆ, ಶಂಖಪುಷ್ಪ ಇವನ್ನು ಬೆಳೆಯುವ ಜಾಗಕ್ಕೇ ನೇರ ಬಿತ್ತಿ. ಸೂರ್ಯಕಾಂತಿಗಂತೂ ಕಿತ್ತು ನೆಡುವುದು ಆಗದು. ಚೆಂಡು ಹೂ, ಕೋಳಿಜುಟ್ಟು, ನಿತ್ಯಪುಷ್ಪ, ಬಟನ್ ಹೂ, ಗೈಲಾರ್ಡಿಯಾ ಇವನ್ನು ಒಟ್ಟುಪಾತಿಯಲ್ಲೋ ಟ್ರೇಯಲ್ಲೋ ಸಸಿ ಮಾಡಿ ಆಮೇಲೆ ನೆಡುವುದು ಲಾಭ. ಬೀಜ ಸಣ್ಣದು, ನೆಲದಲ್ಲಿ ಕಳೆಯ ಜೊತೆ ಸೆಣಸಲಾರದು.

ಬೀಜದ ದಪ್ಪದ ಎರಡರಷ್ಟು ಮಣ್ಣು ಮೇಲಿರಬೇಕು ಎನ್ನುವುದು ಸಾಮಾನ್ಯ ಲೆಕ್ಕ. ಜಿನಿಯಾ, ಚೆಂಡು ಹೂವಿಗೆ ಅರ್ಧ ಸೆಂಟಿಮೀಟರ್, ಸೂರ್ಯಕಾಂತಿಗೆ ಎರಡು ಮೂರು ಸೆಂಟಿಮೀಟರ್. ಹತ್ತು ಗಂಟೆ ಹೂವಿನ ಬೀಜ ಒಂದು ಗ್ರಾಮಿಗೆ ಸುಮಾರು 10,000. ಅದಕ್ಕೆ ಮೊಳೆಯಲು ಬೆಳಕು ಬೇಕು, ಆದ್ದರಿಂದ ಒಣ ಮರಳಿನಲ್ಲಿ ಬೆರೆಸಿ, ಒದ್ದೆ ಮಣ್ಣಿನ ಮೇಲೆ ಉದುರಿಸಿ ಅಂಗೈಯಲ್ಲಿ ಒತ್ತಿದರೆ ಮುಗಿಯಿತು, ಮುಚ್ಚಬೇಡಿ. ಗೈಲಾರ್ಡಿಯಾಕ್ಕೂ ಹೀಗೆಯೇ. ನಿತ್ಯಪುಷ್ಪ ಇದಕ್ಕೆ ತದ್ವಿರುದ್ಧ, ಕತ್ತಲಿದ್ದರೆ ಮಾತ್ರ ಚೆನ್ನಾಗಿ ಮೊಳೆಯುತ್ತದೆ. ತೆಳುವಾಗಿ ಮಣ್ಣು ಮುಚ್ಚಿ, ಮೇಲೆ ಒದ್ದೆ ಪತ್ರಿಕೆಯನ್ನೋ ಗೋಣಿಯನ್ನೋ ಹಾಕಿ ವಾರದ ಮೇಲೆ ದಿನಾ ಎತ್ತಿ ನೋಡಿ. ಬಟನ್ ಹೂವಿನ ಬೀಜಕ್ಕೆ ಹತ್ತಿಯಂಥ ಹೊದಿಕೆ ಇರುವುದರಿಂದ ಒಂದು ಹಗಲು ಒಂದು ರಾತ್ರಿ ನೆನೆಸಬೇಕು. ಶಂಖಪುಷ್ಪದ ಗಟ್ಟಿ ಸಿಪ್ಪೆಯನ್ನು ಮರಳುಕಾಗದದಲ್ಲಿ ಸ್ವಲ್ಪ ಉಜ್ಜಿ ರಾತ್ರಿಯೆಲ್ಲ ನೆನೆಸಿದರೆ ಒಟ್ಟಿಗೆ ಮೊಳೆಯುತ್ತವೆ.

ಬಿತ್ತುವ ಹಿಂದಿನ ಸಂಜೆಯೇ ಪಾತಿಗೆ ತೊಯ್ಯುವಂತೆ ನೀರು ಕೊಡಿ. ಒಣ ಮಣ್ಣಿಗೆ ಬೀಜ ಹಾಕಿ ಆಮೇಲೆ ನೀರು ಸುರಿದರೆ ಬೀಜವೆಲ್ಲ ಕೊಚ್ಚಿ ಒಂದು ಮೂಲೆ ಸೇರುತ್ತದೆ. ಒಂದು ಅಂಗುಲದ ಅಂತರದಲ್ಲಿ ಗೀರು ಎಳೆದು ತೆಳುವಾಗಿ ಹಾಕಿ. ಒತ್ತೊತ್ತಾಗಿ ಬಂದ ಸಸಿಗೆ ಗಾಳಿಯಾಡದೆ ಬುಡ ಕೊಳೆತು ಸಾಲುಸಾಲಾಗಿ ಮಲಗುತ್ತದೆ. ಮೇಲೆ ರಾಗಿ ಹುಲ್ಲು ಅಥವಾ ತೆಂಗಿನ ಗರಿ ತೆಳುವಾಗಿ ಹೊದಿಸಿ, ಅದರ ಮೇಲೆಯೇ ಸಣ್ಣ ತೂತಿನ ಕ್ಯಾನಿನಿಂದ ಬೆಳಿಗ್ಗೆ ಸಂಜೆ ನೀರು ಚಿಮುಕಿಸಿ. ಬೆಳಕು ಬೇಕೆನ್ನುವ ಬೀಜಗಳಿಗೆ ಈ ಹೊದಿಕೆ ಬೇಡ, ಅವುಗಳ ಟ್ರೇಯನ್ನು ಜಗುಲಿಯ ಬೆಳಕಿನಲ್ಲಿಡಿ.

ಹೊದಿಕೆ ತೆಗೆಯುವ ಸಮಯ ತಪ್ಪಿದರೆ ಅಷ್ಟೂ ಕೆಲಸ ಹಾಳು. ಮೊದಲ ನಾಲ್ಕಾರು ಮೊಳಕೆ ಕಂಡ ಸಂಜೆಯೇ ತೆಗೆಯಿರಿ, ಎಲ್ಲವೂ ಬರಲಿ ಎಂದು ಕಾಯಬೇಡಿ. ಒಂದು ದಿನ ತಡವಾದರೂ ಸಸಿ ಬಿಳಿಚಿಕೊಂಡು ದಾರದಂತೆ ಉದ್ದವಾಗುತ್ತದೆ, ಆಮೇಲೆ ಬಿಸಿಲಿಗೆ ನಿಲ್ಲುವುದಿಲ್ಲ. ಬೆಳಿಗ್ಗೆ ತೆಗೆದರೆ ಎಳೆ ಮೊಳಕೆಗೆ ಇದ್ದಕ್ಕಿದ್ದಂತೆ ಇಡೀ ದಿನದ ಬಿಸಿಲು ಬಡಿಯುತ್ತದೆ. ಸಂಜೆ ತೆಗೆದರೆ ರಾತ್ರಿಯಿಡೀ ಸುಧಾರಿಸಿಕೊಳ್ಳುತ್ತದೆ. ನಂತರದ ನಾಲ್ಕೈದು ದಿನ ಮಧ್ಯಾಹ್ನ 12ರಿಂದ 3ರವರೆಗೆ ಹಳೆಯ ಹತ್ತಿ ಸೀರೆಯನ್ನು ನಾಲ್ಕು ಕಡ್ಡಿಯ ಮೇಲೆ ಚಪ್ಪರದಂತೆ ಕಟ್ಟಿ. ಬೆಳಗಿನ ಬಿಸಿಲು ಮಾತ್ರ ಮೊದಲ ದಿನದಿಂದಲೇ ಬೀಳಬೇಕು.

ಇರುವೆ, ಕೋಳಿ, ಗುಬ್ಬಿ ಈ ಮೂರರ ಬಗ್ಗೆಯೂ ಎಚ್ಚರ. ಜಿನಿಯಾ ಬೀಜವನ್ನು ಇರುವೆಗಳು ಒಂದೇ ರಾತ್ರಿಯಲ್ಲಿ ಹೊತ್ತು ಖಾಲಿ ಮಾಡಬಲ್ಲವು. ಪಾತಿಯ ಸುತ್ತ ಒಲೆಯ ಬೂದಿಯ ಗೆರೆ ಎಳೆಯಿರಿ, ಮಳೆ ಬಂದ ಮೇಲೆ ಮತ್ತೆ ಎಳೆಯಿರಿ. ಕೋಳಿ ಕೆದಕದಂತೆ ಜಾಲಿ ಮುಳ್ಳಿನ ಕೊಂಬೆ ಅಡ್ಡ ಹಾಕಿದರೆ ಸಾಕು.

ಎರಡನೇ ವಾರದಿಂದ ನೀರನ್ನು ದಿನಕ್ಕೊಮ್ಮೆ, ಬೆಳಿಗ್ಗೆ ಮಾತ್ರ ಕೊಡಿ. ಮೂರನೇ ವಾರ ದಿನ ಬಿಟ್ಟು ದಿನ. ಹೀಗೆ ಸ್ವಲ್ಪ ಸ್ವಲ್ಪವಾಗಿ ಕಡಿಮೆ ಮಾಡಿದಾಗಲೇ ಬೇರು ನೀರು ಹುಡುಕಿಕೊಂಡು ಕೆಳಗೆ ಇಳಿಯುವುದು.

ನಾಟಿ, ಕುಡಿ ಚಿವುಟುವುದು

ನಾಲ್ಕೈದು ನಿಜ ಎಲೆ (ಮೊಳಕೆಯ ಮೊದಲ ಎಲೆಗಳ ನಂತರ ಬರುವವು) ಬಂದ ಸಸಿ ನಾಟಿಗೆ ಸಿದ್ಧ, ಚೆಂಡು ಹೂವಿಗೆ ಇದು ಮೂರು ನಾಲ್ಕು ವಾರ. ಕೋಳಿಜುಟ್ಟನ್ನು ಇನ್ನೂ ಎಳೆಯದಾಗಿರುವಾಗಲೇ ನೆಡಬೇಕು. ಟ್ರೇಯಲ್ಲಿ ಬೇರು ಸುತ್ತಿಕೊಂಡರೆ ಗಿಡ ಕುಳ್ಳಾಗಿಯೇ ಹೂ ಬಿಟ್ಟು ಮುಗಿಸುತ್ತದೆ. ನಾಟಿ ಇಳಿಹೊತ್ತಿನಲ್ಲೇ ಆಗಲಿ. ಚೆಂಡು ಸಸಿಯನ್ನು ಕಾಂಡ ಎರಡು ಅಂಗುಲ ಮುಳುಗುವಂತೆ ನೆಟ್ಟರೆ ಹೂತ ಕಾಂಡದಿಂದಲೂ ಬೇರು ಬಂದು ಗಿಡ ಗಾಳಿಗೆ ಅಲುಗುವುದಿಲ್ಲ. ಚೆಂಡು ಹೂವಿಗೆ 40–45 ಸೆಂಟಿಮೀಟರ್ ಅಂತರ, ಜಿನಿಯಾ, ಬಟನ್ ಹೂ, ನಿತ್ಯಪುಷ್ಪಕ್ಕೆ ಸುಮಾರು 30, ಹತ್ತು ಗಂಟೆ ಹೂವಿಗೆ 15, ಸಂಜೆ ಮಲ್ಲಿಗೆಗೆ ಒಂದೂವರೆಯಿಂದ ಎರಡು ಅಡಿ.

ಕುಡಿ ಚಿವುಟಲು ನಮ್ಮವರಿಗೆ ಮನಸ್ಸೇ ಬರುವುದಿಲ್ಲ, ಮೊದಲ ಮೊಗ್ಗು ಕಂಡಾಗಲಂತೂ ಇನ್ನೂ ಕಷ್ಟ. ಆದರೂ ಚಿವುಟಿ. ಜಿನಿಯಾದಲ್ಲಿ ಮೂರು ನಾಲ್ಕು ಜೊತೆ ಎಲೆ ಬಂದಾಗ, ಚೆಂಡು ಹೂವಿನಲ್ಲಿ ಬಿತ್ತಿ ಐದಾರು ವಾರವಾದಾಗ, ನೆತ್ತಿಯ ಕುಡಿ ತೆಗೆದರೆ ಪ್ರತಿ ಎಲೆಯ ಬುಡದಿಂದ ಕವಲು ಹೊರಡುತ್ತದೆ, ಒಂದು ಹೂವಿನ ಜಾಗದಲ್ಲಿ ಆರೆಂಟು ಬರುತ್ತವೆ. ದೊಡ್ಡ ಜುಟ್ಟಿನ ಕೋಳಿಜುಟ್ಟು ಮತ್ತು ಒಂಟಿ ಹೂವಿನ ಸೂರ್ಯಕಾಂತಿಯನ್ನು ಮಾತ್ರ ಮುಟ್ಟಬೇಡಿ.

ನೆಟ್ಟು ಹದಿನೈದು ದಿನಕ್ಕೆ ಬುಡಕ್ಕೆ ಅಡಿಕೆ ಸಿಪ್ಪೆ, ತೆಂಗಿನ ಮಟ್ಟೆ, ಒಣ ತರಗು ಯಾವುದಿದ್ದರೆ ಅದನ್ನು ಎರಡು ಅಂಗುಲ ದಪ್ಪ ಹೊದಿಸಿ, ಕಾಂಡಕ್ಕೆ ತಾಗದಂತೆ. ಬೇಸಿಗೆಯಲ್ಲಿ ನೆಲದ ಗಿಡಕ್ಕೆ ಮೂರು ನಾಲ್ಕು ದಿನಕ್ಕೊಮ್ಮೆ ಆಳಕ್ಕೆ ಇಳಿಯುವಂತೆ ನೀರು ಕೊಟ್ಟರೆ ಸಾಕು, ಕುಂಡಕ್ಕೆ ದಿನಾ ಬೇಕು. ಮಧ್ಯಾಹ್ನ ಎಲೆ ಬಾಡಿದ್ದು ಕಂಡು ಕೂಡಲೇ ನೀರಿಗೆ ಓಡಬೇಡಿ. ಸಂಜೆ ತಂಪಾದ ಮೇಲೂ ಬಾಡಿದ್ದರೆ ಮಾತ್ರ ಅದಕ್ಕೆ ಬಾಯಾರಿದೆ ಎಂದರ್ಥ. ಬಾಡಿದ ಹೂಗಳನ್ನು ವಾರಕ್ಕೊಮ್ಮೆ ಕಿತ್ತುಹಾಕುತ್ತಿದ್ದರೆ ಗಿಡ ಬೀಜ ಕಟ್ಟುವುದರಲ್ಲಿ ಶಕ್ತಿ ಕಳೆಯದೆ ಹೊಸ ಮೊಗ್ಗು ಕೊಡುತ್ತಲೇ ಇರುತ್ತದೆ.

ಕಾಯಿಲೆ, ಹುಳು

ನವೆಂಬರ್–ಡಿಸೆಂಬರಿನ ಇಬ್ಬನಿಗೆ ಜಿನಿಯಾ ಎಲೆಯ ಮೇಲೆ ಬಿಳಿ ಬೂದಿ ರೋಗ ಬರುತ್ತದೆ. ಅಂತರ ಸರಿಯಿದ್ದು ಎಲೆಗೆ ನೀರು ತಾಗಿಸದಿದ್ದರೆ ಬಹುಮಟ್ಟಿಗೆ ತಪ್ಪುತ್ತದೆ. ಬಂದರೆ ಕೆಳಗಿನ ಎಲೆ ಕಿತ್ತು, ನೀರಿನಲ್ಲಿ ಬೆರೆಯುವ ಗಂಧಕದ ಪುಡಿಯನ್ನು ಲೀಟರಿಗೆ 2 ಗ್ರಾಂ ಹಾಕಿ ತಂಪು ಹೊತ್ತಿನಲ್ಲಿ ಸಿಂಪಡಿಸಿ. ಉರಿ ಬಿಸಿಲಿನಲ್ಲಿ ಹೊಡೆದರೆ ಎಲೆ ಸುಡುತ್ತದೆ. ಬೇಸಿಗೆಯಲ್ಲಿ ಚೆಂಡು ಗಿಡದ ಎಲೆ ಮಂಕಾಗಿ ಸಣ್ಣ ಬಲೆ ಕಟ್ಟಿದ್ದರೆ ಅದು ನುಸಿ, ಎಲೆಯ ಅಡಿಭಾಗಕ್ಕೆ ಬೆಳಿಗ್ಗೆ ಜೋರಾಗಿ ನೀರು ಹಾಯಿಸಿ. ಬೇರೆ ರಸ ಹೀರುವ ಹುಳುಗಳಿಗೆ ಬೇವಿನ ಬೀಜದ ಕಷಾಯ, ಲೀಟರಿಗೆ 50 ಗ್ರಾಂ ಪುಡಿ ರಾತ್ರಿ ನೆನೆಸಿ ಸೋಸಿದ್ದು. ಇಷ್ಟಕ್ಕೂ ಬಗ್ಗದ ರೋಗವೇನಾದರೂ ಕಂಡರೆ ಎಲೆ ಸಮೇತ ಹಾಸನದ ಕಂದಲಿಯಲ್ಲಿರುವ ಅಥವಾ ಮೂಡಿಗೆರೆಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ತೋರಿಸಿ.

ಘಟ್ಟದ ಮಗ್ಗುಲಿನ ಬೇಲೂರು, ಆಲೂರು, ಮೂಡಿಗೆರೆಯವರಿಗೂ ಈ ಹೂಗಳು ಒಗ್ಗುತ್ತವೆ, ಆದರೆ ಜೂನ್–ಆಗಸ್ಟ್ ಮಳೆಯಲ್ಲಿ ಬೀಜ ಕೊಳೆಯುತ್ತದೆ. ಅಲ್ಲಿ ಸೆಪ್ಟೆಂಬರ್ ಕೊನೆಗೆ ಬಿತ್ತಿ, ಮರದ ನೆರಳು ಬೀಳದ ಕಣದ ಬದಿಯಲ್ಲಿ ಬೆಳೆಯಿರಿ.

ಬೀಜ ಉಳಿಸುವುದು

ಎಲ್ಲಕ್ಕಿಂತ ಚೆನ್ನಾಗಿ ಅರಳಿದ ಎರಡು ಮೂರು ಗಿಡಕ್ಕೆ ದಾರ ಕಟ್ಟಿ ಗುರುತು ಮಾಡಿ, ಅವುಗಳ ಹೂ ಕೊಯ್ಯದೆ ಗಿಡದಲ್ಲೇ ಒಣಗಲು ಬಿಡಿ. ಜಿನಿಯಾದ ಒಣ ಎಸಳಿನ ಬುಡದಲ್ಲಿ ಈಟಿಯ ಮೊನೆಯಂಥ ಬೀಜ ಅಂಟಿರುತ್ತದೆ. ಚೆಂಡು ಹೂವಿನದು ಅರ್ಧ ಕಪ್ಪು ಅರ್ಧ ಬಿಳಿಯ ಕಡ್ಡಿ. ಕಪ್ಪು ಭಾಗ ಉಬ್ಬಿದ್ದರೆ ಮಾತ್ರ ಗಟ್ಟಿ ಬೀಜ. ಕೋಳಿಜುಟ್ಟನ್ನು ತಟ್ಟೆಯ ಮೇಲೆ ಉಜ್ಜಿದರೆ ಹೊಳೆಯುವ ಕಪ್ಪು ಕಾಳು ಉದುರುತ್ತದೆ. ಕರ್ಣಕುಂಡಲದ ಕಾಯಿ ಮುಟ್ಟಿದರೆ ಸಿಡಿಯುವುದರಿಂದ ತುಸು ಹಳದಿಯಾದ ಕೂಡಲೇ ಬಟ್ಟೆಯ ಚೀಲದೊಳಗೆ ಹಿಡಿದು ಬಿಡಿಸಿ. ಸಂಜೆ ಮಲ್ಲಿಗೆಯ ಬೀಜ ನೋಡಲು ಮೆಣಸಿನ ಕಾಳಿನಂತಿದ್ದು ವಿಷ, ಮಕ್ಕಳ ಕೈಗೆ ಸಿಗಬಾರದು. ಬೇರೆ ಬೇರೆ ಬಣ್ಣದ ಜಿನಿಯಾ ಪಕ್ಕಪಕ್ಕ ಇದ್ದರೆ ಮುಂದಿನ ವರ್ಷ ಬಣ್ಣ ಬೆರೆತು ಬರುತ್ತವೆ. ನನಗೆ ಅದೂ ಇಷ್ಟವೇ. ಒಂದೇ ಬಣ್ಣ ಬೇಕೆನ್ನುವವರು ದೂರ ದೂರ ಬೆಳೆಯಬೇಕು.

ಕಿತ್ತ ಬೀಜವನ್ನು ನೆರಳಿನಲ್ಲಿ ವಾರ ಒಣಗಿಸಿ, ಕಾಗದದ ಲಕೋಟೆಗೆ ಹಾಕಿ ಹೂವಿನ ಹೆಸರು, ತಿಂಗಳು, ವರ್ಷ ಬರೆದು, ಬೂದಿ ತುಂಬಿದ ಡಬ್ಬಿಯಲ್ಲಿ ಮನೆಯ ತಂಪು ಮೂಲೆಯಲ್ಲಿಡಿ. ಪ್ಲಾಸ್ಟಿಕ್ ಕವರಿನಲ್ಲಿ ಬೆವರಿ ಬೂಸಲು ಬರುತ್ತದೆ. ಮುಂದಿನ ಸಲ ಬಿತ್ತುವ ಹತ್ತು ದಿನ ಮೊದಲು ಲಕೋಟೆಯಿಂದ 10 ಬೀಜ ತೆಗೆದು ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಏಳಕ್ಕಿಂತ ಹೆಚ್ಚು ಮೊಳೆತರೆ ಮಾಮೂಲಿ ಲೆಕ್ಕದಲ್ಲೇ ಬಿತ್ತಿ. ನಾಲ್ಕೈದು ಬಂದರೆ ಎರಡರಷ್ಟು ಹಾಕಿ. ಅದಕ್ಕಿಂತ ಕಡಿಮೆಯಾದರೆ ಪಾತಿಯ ಜಾಗ ಹಾಳು ಮಾಡದೆ, ಮೊದಲ ಮಳೆಯ ಮಾರನೆಯ ದಿನ ಬೇಲಿಯುದ್ದಕ್ಕೂ ಎರಚಿ, ಪಾತಿಗೆ ಹೊಸ ಬೀಜ ತನ್ನಿ.